ಎಳೆಯರ ಮೇಳಗೀತ: ಆಯ್ಕೆಯ ವಿಚಾರ

ಕಾವ್ಯವಿಮರ್ಶೆಯೆಂಬುದು ಬಹುಮಟ್ಟಿಗೆ ಓದುಬರಹ ಬಲ್ಲವರ ಕಾವ್ಯಕ್ಕೆ ಮೀಸಲಾಗಿ ನಡೆದುಬಂದಿದೆ. ಪ್ರಾಚೀನ ಕಾವ್ಯವೊಂದರ ಪಾಠಾಂತರವನ್ನು ಕುರಿತು ವಿದ್ವಾಂಸರು ವರ್ಷಗಟ್ಟಲೆ ವಾದಿಸುವುದುಂಟು. ಭಾವಗೀತೆಯೊಂದರ ಉಪಮೆ ಉಚಿತವೋ ಅನುಚಿತವೋ ಎಂದು ಸಭೆಗಳಲ್ಲಿ ಚರ್ಚಿಸುವುದುಂಟು. ಆದರೆ ಮೂರರಿಂದ ಆರು ವರ್ಷದೊಳಗಿನ ಮಕ್ಕಳು ಅಂಗನವಾಡಿಯಲ್ಲಿಯೋ ಶಿಶುವಿಹಾರದಲ್ಲಿಯೋ ಕೂಡಿ ಕುಳಿತು ಹಾಡುವ ಹಾಡನ್ನು ಆರಿಸಿದವರಾರು, ಏತಕ್ಕಾಗಿ ಆರಿಸಿದರು, ಅದು ಆ ಕೊರಳುಗಳಿಗೆ ಒಪ್ಪುವುದೇ ಎಂದು ವಿಚಾರಿಸುವವರು ವಿರಳ. ತೊಟ್ಟಿಲ ಹಾಡು ಒಬ್ಬ ತಾಯಿ ಒಂದು ಕೂಸಿಗೆ ಹಾಡಿದ್ದು. ಅದನ್ನು ಕೂಸು ಕೇಳುತ್ತದೆಯೇ ಹೊರತು ಹಾಡುವುದಿಲ್ಲ. ಶಿಶುವಿಹಾರದ ಹಾಡಾದರೋ ನೆರೆಮನೆಯ ಮಗುವಿನ ದನಿಯೊಡನೆ ತನ್ನ ದನಿಯನ್ನು ಸೇರಿಸಿ ಮಗು ಹಾಡುವ ಮೊತ್ತಮೊದಲ ಹಾಡು. ಅದರ ಗುಣದೋಷಗಳನ್ನು ತೂಗಿನೋಡುವುದು ವಿಮರ್ಶೆಗೆ ಕೀಳಾದ ಕೆಲಸವೇನೂ ಅಲ್ಲ.

ತುಮಕೂರು ನಗರ, ಗುಬ್ಬಿ, ಕುಣಿಗಲ್ಲು, ಈ ಮೂರು ಊರುಗಳಲ್ಲಿ ಎಳೆಯರ ಬಾಯಲ್ಲಿ ಕೇಳಿಬರುವ ಹಾಡುಗಳಲ್ಲಿ ಕವಿಗಳು ಮಕ್ಕಳಿಗೆಂದೇ ಬರೆದವು ಕೆಲವು. ಜನಪದದಿಂದ ಬಂದವು ಕೆಲವು. ಇಂಗ್ಲಿಷ್ ಶಿಶುಗೀತೆಗಳು ಕೆಲವು. ಚಲಚ್ಚಿತ್ರದಿಂದ ಇಳಿದುಬಂದವು ಉಳಿದವು. ಇವುಗಳಲ್ಲಿ ಯಾವುದು ಉತ್ತಮ ಕವಿತೆಯೆಂಬುದು ಒಂದು ಪ್ರಶ್ನೆ. ಇಪ್ಪತ್ತು ಮಕ್ಕಳು ಒಟ್ಟಾಗಿ ಹಾಡುವುದಕ್ಕೆ ಯಾವುದು ತಕ್ಕದ್ದೆಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೇ ಎಂದು ತಿಳಿದುದರಿಂದಲೇ ಆಯ್ಕೆ ಕೆಟ್ಟಿದೆ. ಆ ಇಪ್ಪತ್ತರಲ್ಲಿ ಐದು ತುಂಬಿದ ಜಾಣೆಯೂ ಇರುವಳು. ಮೂರು ತುಂಬಿ ಇನ್ನೂ ರಕಾರ ತಿರುಗದ ಪೋರನೂ ಇರುವನು. ಆ ಪೋರನಿಗೆ ಹಾಡಿನಲ್ಲಿ ಪಾಲುಂಟೇ ಇಲ್ಲವೇ ಎಂಬುದೇ ಮೇಳಗೀತಕ್ಕೆ ಒಡ್ಡಬೇಕಾದ ಒರೆಗಲ್ಲು.

ಮೊದಲು ಕೊರಳಿನ ಮಾತು. ಈ ವಯಸ್ಸಿನ ಮಗು ಸುಖವಾಗಿ ಹಾಡಬಲ್ಲ ಸ್ವರಗಳ ಹರವು ಬಲು ಕಿರಿದು: ಐದಾರು ಸ್ವರಗಳಷ್ಟು, ಪೂರ್ಣ ಸ್ಥಾಯಿಯೂ ಅಲ್ಲ. ಹಂಗೇರಿ ದೇಶದ ಸಂಗೀತಕಾರ ಜೋಲ್ತಾನ್ ಕೊದಾಯ್ (1882–1967) ಎಂಬವರು ಶಿಶುವಿಹಾರದ ಸಂಗೀತವನ್ನು ಕುರಿತು 1941ರಲ್ಲಿ ಪ್ರಬಂಧವನ್ನೇ ಬರೆದರು. ಸಣ್ಣ ಹರವಿನ, ಅರ್ಧಸ್ವರಗಳ ಇಕ್ಕಟ್ಟಿಲ್ಲದ ಐದು ಸ್ವರದ ಹಾಡುಗಳೇ ಎಳೆಯರಿಗೆ ಹಿತವೆಂದೂ, ಅವನ್ನು ಸ್ವಂತ ನಾಡಿನ ಜನಪದದಿಂದಲೇ ತೆಗೆಯಬೇಕೆಂದೂ ಅವರ ಮತ. ಕನ್ನಡಿಗರಿಗೆ ಇದು ಹೊಸ ಮಾತಾಗಿ ತೋರಬೇಕಾದುದಿಲ್ಲ. ಮೋಹನರಾಗದ ಸರಿಗಪದ ಎಂಬ ಐದು ಸ್ವರಗಳು ಆ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತವೆ. ಹಳ್ಳಿಯ ಕೋಲಾಟದ ಪದಗಳೂ ಬೀಸುವ ಪದಗಳೂ ಎಷ್ಟೋ ಕಡೆ ನಾಲ್ಕೈದು ಸ್ವರಗಳಲ್ಲಿಯೇ ತಿರುಗಾಡಿ ಮನೆಗೆ ಮರಳುತ್ತವೆ. ಸಂಗೀತಾಭ್ಯಾಸಕ್ಕೆ ಮೊದಲ ಮೆಟ್ಟಿಲಾದ ಮಾಯಾಮಾಳವಗೌಳದ ಸರಳೆಗಳು ಗುರುವಿನ ಮುಂದೆ ಒಬ್ಬೊಬ್ಬರಾಗಿ ಕಲಿಯುವವರಿಗೆ ಯೋಗ್ಯವಾದವು. ಆ ರಾಗದ ಶುದ್ಧ ಋಷಭ ಷಡ್ಜಕ್ಕೆ ಅಂಟಿಕೊಂಡಿರುವುದರಿಂದ ಎಳೆಯರ ಗುಂಪಿನಲ್ಲಿ ಅದು ನಿಲ್ಲುವುದು ಕಷ್ಟ.

ಚಲಚ್ಚಿತ್ರಗೀತೆಗಳ ವಿಷಯದಲ್ಲಿ ಹಿರಿಯರು ಹೊರಿಸುವ ದೋಷ ಸಾಮಾನ್ಯವಾಗಿ ಅರ್ಥದ ದೋಷ: ಪ್ರಣಯದ ಮಾತು ಮಕ್ಕಳ ಬಾಯಲ್ಲಿ ಬರಬಾರದೆಂಬುದು. ಅದೂ ನಿಜವೇ. ಆದರೆ ಅದಕ್ಕಿಂತ ಹತ್ತಿರದ ದೋಷವೊಂದುಂಟು. ಪಳಗಿದ ಗಾಯಕರ ಕೊರಳಿಗೆಂದು ಕಟ್ಟಿದ ಆ ಮಟ್ಟುಗಳು ಸ್ಥಾಯಿಯನ್ನು ದಾಟಿ ಏರಿಳಿಯುತ್ತವೆ. ಮಗು ಏರಲಾರದ ಕಡೆ ಕಿರಿಚುತ್ತದೆ, ಇಳಿಯಲಾರದ ಕಡೆ ಮಾತಾಡಿಬಿಡುತ್ತದೆ. ದೂರದಿಂದ ಕೇಳುವವರಿಗೆ ಅದು ಉತ್ಸಾಹವೆಂದು ತೋರಬಹುದು. ಹತ್ತಿರ ನಿಂತವರಿಗೆ ಅದು ದಣಿವೆಂದು ತಿಳಿಯುತ್ತದೆ. ಮೊಬೈಲಿನಲ್ಲಿ ಹಾಕಿ ಹಾಡಿಸುವ ಧ್ವನಿಮುದ್ರಿತ ಶಿಶುಗೀತೆಗಳಲ್ಲಿಯೂ ಇದೇ ತೊಡಕುಂಟು: ಯಂತ್ರ ಮಗುವಿಗಾಗಿ ಕಾಯುವುದಿಲ್ಲ. ಕಲಿಸುವ ಅಕ್ಕ ತನ್ನ ಕೊರಳಿಗೆ ಹಿತವಾದ ತಗ್ಗು ಶ್ರುತಿಯನ್ನು ಹಿಡಿದರೂ ಮಕ್ಕಳ ದನಿ ನೆಲಕ್ಕೆ ಬೀಳುತ್ತದೆ. ಆಕೆ ಕೊಂಚ ಮೇಲೆ ಹಿಡಿದು, ಮೆಲ್ಲನೆ ಹಾಡಿದರೆ ಸಾಕು, ಶ್ರುತಿಪೆಟ್ಟಿಗೆಯೂ ಬೇಕಾಗದು.

ಇನ್ನು ಕವಿಗಳ ಕೃತಿಗಳಿಗೆ ಬರೋಣ. ಕನ್ನಡದಲ್ಲಿ ಶಿಶುಗೀತೆಗೆ ಗೌರವವನ್ನು ತಂದುಕೊಟ್ಟವರಲ್ಲಿ ಮೊದಲಿಗರು ಪಂಜೆ ಮಂಗೇಶರಾಯರು (1874–1937). ಉಪಾಧ್ಯಾಯರಾಗಿ, ಶಾಲೆಗಳ ಪರೀಕ್ಷಕರಾಗಿ ದುಡಿದ ಅವರಿಗೆ ಮಕ್ಕಳ ಕಿವಿ ಎಂಥದೆಂಬುದು ತಿಳಿದಿತ್ತು. 1921ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬಾಲಸಾಹಿತ್ಯ ಮಂಡಲದ ಹಿಂದೆಯೂ ಅವರ ಕೈ ಇದ್ದಿತು. ಅವರ ನಾಗರಹಾವಿನ ಹಾಡನ್ನು ಅರಿಯದ ಕನ್ನಡ ಮನೆ ಕಡಿಮೆ. ಅದರ ಚೆಲುವನ್ನು ಹೊಗಳುವವರು ಹಾವಿನ ಚಿತ್ರವನ್ನೂ ಪ್ರಾಸವನ್ನೂ ಹೊಗಳುತ್ತಾರೆ. ಆದರೆ ಮೇಳಗೀತವಾಗಿ ಅದು ಇಷ್ಟು ಕಾಲ ಬಾಳಿರುವುದಕ್ಕೆ ಕಾರಣ ಬೇರೆ ಕಡೆ ಇದೆ. ಅದರ ಒಂದೊಂದು ನುಡಿಯೂ ಒಂದೇ ಅಕ್ಷರದ ಮಾತನ್ನು ಮತ್ತೆ ಮತ್ತೆ ಹೇಳಿ ಮುಗಿಯುತ್ತದೆ. ನುಡಿಯ ಉಳಿದ ಭಾಗ ಬಾರದ ಮಗುವೂ ಆ ಅಕ್ಷರಗಳಿಗಾಗಿ ಕಾದಿದ್ದು, ಸರಿಯಾದ ಹೊತ್ತಿಗೆ ಎಲ್ಲರೊಡನೆ ಕೂಗುತ್ತದೆ. ಮೂರು ವರ್ಷದವನ ಪಾಲನ್ನು ಕವಿ ಹಾಡಿನೊಳಗೇ ತೆಗೆದಿರಿಸಿದ್ದಾನೆ! ಕೈಯನ್ನು ಹೆಡೆಯಾಗಿಸಿ ತೂಗುವ ಅಭಿನಯ ಹಾಡಿನಿಂದಲೇ ಹುಟ್ಟುತ್ತದೆ, ಯಾರೂ ಕಲಿಸಬೇಕಾದುದಿಲ್ಲ. ಕೆಲವು ಪದಗಳು ಇಂದಿನ ತುಮಕೂರಿನ ಮಗುವಿಗೆ ತಿಳಿಯದಷ್ಟು ಹಳೆಯವು ಎಂಬ ಆಕ್ಷೇಪ ಕೇಳಿಬರುತ್ತದೆ. ತಿಳಿಯದಿದ್ದರೆ ಬಾಧಕವೇನು? ಹಾವನ್ನು ಕರೆಯುವುದೂ ಹಾವಿಗೆ ಅಂಜುವುದೂ ತಿಳಿದರೆ ಹಾಡು ತಿಳಿದಂತೆಯೇ. ಅದೇ ಪಂಜೆಯವರ ತೆಂಕಣ ಗಾಳಿಯ ಹಾಡು ಕವಿತೆಯಾಗಿ ಇನ್ನೂ ದೊಡ್ಡದೆಂದು ಹೇಳುವವರುಂಟು. ಅದರ ಶಬ್ದವೈಭವ ಅಂಥದು. ಆದರೆ ಅದರ ಓಟ, ಉದ್ದ, ಒತ್ತಕ್ಷರಗಳ ರಭಸ, ಇವು ಎಂಟು ಹತ್ತು ವರ್ಷದವರ ಸೊತ್ತು. ಕಿರಿಯರಿಗೆ ಅದನ್ನು ಹಾಡಿ ಕೇಳಿಸಲಿ, ಹಾಡಿಸುವುದು ಬೇಡ.

ಜಿ. ಪಿ. ರಾಜರತ್ನಂ ಅವರು ಎಳೆಯರಿಗೆ ಪಾಠ ಹೇಳಿ ಅನುಭವವುಳ್ಳವರು. ಅವರ ನಾಯಿಮರಿಯ ಹಾಡನ್ನು ಈ ಒರೆಗಲ್ಲಿಗೆ ತಿಕ್ಕಿದರೆ ಅಪರಂಜಿಯ ಗೆರೆ ಮೂಡುತ್ತದೆ. ಅದು ಸಂವಾದ: ಕೇಳುವ ಮಗು ಒಂದು ಕಡೆ, ಉತ್ತರಿಸುವ ಮರಿ ಇನ್ನೊಂದು ಕಡೆ. ಮಕ್ಕಳನ್ನು ಎರಡು ಸಾಲು ಮಾಡಿ ಕುಳ್ಳಿರಿಸಿದರೆ ಅರ್ಧ ಹಾಡು ಒಬ್ಬರದು, ಅರ್ಧ ಹಾಡು ಇನ್ನೊಬ್ಬರದು. ಒಂದು ಸಾಲು ಹಾಡುವಾಗ ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳಲು ಬಿಡುವು. ಪರರು ಮಾತು ಮುಗಿಸುವವರೆಗೆ ಕಾಯುವುದೆಂಬ ದೊಡ್ಡ ವಿದ್ಯೆಯೂ, ಬುದ್ಧಿವಾದದ ಸೋಂಕಿಲ್ಲದೆ, ಅಲ್ಲಿ ಬಂದುಬಿಡುತ್ತದೆ. ಕೊನೆಗೆ ಬೊಗಳುವ ಸುಖ ಎಲ್ಲರದು. ಬೊಗಳಲು ಬಾರದ ಮಗುವನ್ನು ಯಾರಾದರೂ ಕಂಡದ್ದುಂಟೆ?

ಅವರ ತುತ್ತೂರಿಯ ಹಾಡಿನಲ್ಲಿ ನೀತಿಯೇನೋ ಇದೆ: ಜಂಬಪಟ್ಟವನ ತಗಡಿನ ತುತ್ತೂರಿ ನೀರಿಗೆ ಜಾರಿ, ಬಣ್ಣವನ್ನೂ ದನಿಯನ್ನೂ ಕಳೆದುಕೊಳ್ಳುತ್ತದೆ. ಆದರೆ ಆ ನೀತಿಯನ್ನು ಕವಿ ಒಂದು ಘಟನೆಯೊಳಗೆ ಅಡಗಿಸಿಟ್ಟಿದ್ದಾರೆ. ಮಗುವಿಗೆ ಅಲ್ಲಿ ಕಾಣುವುದು ತುತ್ತೂರಿ ಮತ್ತು ಕೊಳ. ಸ್ವರಾಕ್ಷರಗಳನ್ನೇ ಹಾಡಿನ ಮಾತಾಗಿ ಮಾಡಿರುವುದರಿಂದ ಊದುವ ಆಟವೂ ಹಾಡುವ ಆಟವೂ ಒಂದಾಗುತ್ತವೆ. ಇದಕ್ಕೆ ಹೋಲಿಸಿದರೆ ಶಿಶುವಿಹಾರಗಳಲ್ಲಿ ಇತ್ತೀಚೆಗೆ ಹೆಚ್ಚಾಗಿರುವ ಉಪದೇಶಗೀತೆಗಳು, ಹಲ್ಲುಜ್ಜಬೇಕು, ಬೇಗ ಏಳಬೇಕು, ಕಸ ಎಸೆಯಬಾರದು ಎಂಬಂಥವು, ಆಜ್ಞಾಪತ್ರಕ್ಕೆ ತಾಳ ಹಾಕಿದಂತೆ ಕೇಳುತ್ತವೆ. ಹಲ್ಲುಜ್ಜುವುದು ಒಳ್ಳೆಯದೇ. ಅದಕ್ಕೆ ಹಲ್ಲುಪುಡಿ ಬೇಕು, ಹಾಡು ಬೇಕಾದುದಿಲ್ಲ.

ಗೋವಿನ ಹಾಡಿನ ಸಂಗತಿ ಸ್ವಲ್ಪ ನಿಧಾನವಾಗಿ ಆಲೋಚಿಸತಕ್ಕದ್ದು. ಪುಣ್ಯಕೋಟಿಯ ಸತ್ಯನಿಷ್ಠೆ ಕನ್ನಡಿಗರ ಹೃದಯದಲ್ಲಿ ಪಡೆದಿರುವ ಸ್ಥಾನ ಅಸಾಧಾರಣ. ಕರ್ತೃವಿನ ಹೆಸರಿಲ್ಲದ ಆ ಕಾವ್ಯವನ್ನು ಎಳೆಯರಿಗೆ ಕಲಿಸುವುದು ಧರ್ಮವೆಂದೇ ಎಷ್ಟೋ ಮನೆಗಳಲ್ಲಿ ಭಾವನೆಯಿದೆ. ಅದರ ಮಟ್ಟು ಸರಳ, ಹರವು ಕಿರಿದು, ಒಂದೇ ಮಟ್ಟು ನುಡಿನುಡಿಗೂ ಮರಳಿ ಬರುವುದರಿಂದ ಕೊರಳಿಗೆ ಕಷ್ಟವಿಲ್ಲ. ಇಷ್ಟೆಲ್ಲ ಗುಣಗಳಿದ್ದರೂ ಮೂರು ನಾಲ್ಕು ವರ್ಷದವರ ಮೇಳಗೀತವಾಗಿ ಅದು ಸಲ್ಲದು. ಬೆಳಗ್ಗೆ ಅಂಗನವಾಡಿಯ ಬಾಗಿಲಲ್ಲಿ ತಾಯಿಯ ಸೆರಗನ್ನು ಬಿಟ್ಟು ಅಳುತ್ತ ಒಳಗೆ ಬಂದ ಮಗುವನ್ನು ನೆನೆಯಬೇಕು. ಅದರ ಬಾಯಲ್ಲಿ, ಕರುವನ್ನು ಬಿಟ್ಟು ಹುಲಿಯ ಬಳಿಗೆ ಸಾಯಲು ಹೊರಟ ತಾಯಿಯ ಮಾತನ್ನು ಹಾಡಿಸುವುದು ಹೇಗೆ ಉಚಿತವಾದೀತು? ತಬ್ಬಲಿಯಾಗುವ ಭಯ ಆ ವಯಸ್ಸಿನಲ್ಲಿ ಕಥೆಯ ಭಯವಲ್ಲ, ನಿತ್ಯದ ಭಯ. ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದೂ ದೊಡ್ಡವರಿಗೆ ಪಶ್ಚಾತ್ತಾಪವಾಗಿ ಅರ್ಥವಾಗುತ್ತದೆ. ಎಳೆಯರು ಕೇಳುವುದು ‘ಹುಲಿ ಏಕೆ ಸತ್ತಿತು?’ ಎಂದು. ಆ ಪ್ರಶ್ನೆಗೆ ಉತ್ತರ ಹೇಳಲು ತೊಡೆಯ ಮೇಲೆ ಕುಳ್ಳಿರಿಸಿಕೊಳ್ಳುವ ಅಜ್ಜಿ ಬೇಕು. ಆದಕಾರಣ ಗೋವಿನ ಹಾಡು ಮನೆಯಲ್ಲಿ ಸಂಜೆಯ ಹೊತ್ತು ಕೇಳಬೇಕಾದ ಕಾವ್ಯ. ಏಳು ಎಂಟು ವರ್ಷವಾದ ಮೇಲೆ ಶಾಲೆಯಲ್ಲಿ ಕೂಡಿ ಹಾಡಲಿ. ಆಗ ಅದರ ಗಾಂಭೀರ್ಯಕ್ಕೆ ನ್ಯಾಯ ಸಲ್ಲುತ್ತದೆ. ಬ್ರೌನಿಂಗ್ ಕವಿಯ ಕಥನವನ್ನು ಅನುಸರಿಸಿ ಕುವೆಂಪು ಅವರು ಬರೆದ ಕಿಂದರಿಜೋಗಿಯೂ ಹೀಗೆಯೇ ಕೇಳುವ ವರ್ಗಕ್ಕೆ ಸೇರಿದ್ದು. ಇಲಿಗಳು ಓಡುವ ಭಾಗದಲ್ಲಿ ಮಕ್ಕಳು ತಾವಾಗಿಯೇ ಕುಣಿದರೆ ತಡೆಯಬೇಕಾದುದಿಲ್ಲ.

ಇಂಗ್ಲಿಷ್ ಶಿಶುಗೀತೆಗಳನ್ನು ಕುರಿತು ಬೈಗುಳು ಸಾಕಷ್ಟು ನಡೆದಿದೆ. ಅವು ನೂರಾರು ವರ್ಷ ಮಕ್ಕಳ ಬಾಯಲ್ಲಿ ಉರುಟಾಗಿ ಬಂದವು. ತಾಳದ ಬಿಗಿ ಮೆಚ್ಚತಕ್ಕದ್ದು. ಆದರೆ ಹಾಡು ಹುಟ್ಟಿದ ನೆಲದ ಹವೆಯನ್ನು ತನ್ನೊಡನೆ ತರುತ್ತದೆ. ಮಳೆಯನ್ನು ತೊಲಗೆಂದು ಬೇಡುವ ಒಂದು ಇಂಗ್ಲಿಷ್ ಗೀತವನ್ನು ತುಮಕೂರು ನಗರದ ನರ್ಸರಿಗಳಲ್ಲಿ ಮಕ್ಕಳು ಉಲ್ಲಾಸದಿಂದ ಹಾಡುತ್ತಾರೆ. ಮುಗಿಲು ಮುಸುಕಿ ದಿನವೆಲ್ಲ ಜಿನುಗುವ ನಾಡಿನಲ್ಲಿ ಅದು ಸಹಜವಾದ ಬೇಡಿಕೆ. ತುಮಕೂರು ಬಯಲುಸೀಮೆಯ ಜಿಲ್ಲೆ. ಹೇಮಾವತಿಯ ನೀರು ನಾಲೆಯಲ್ಲಿ ಬಂದರೆ ನಗರಕ್ಕೆ ಕುಡಿಯಲು ಉಂಟು. ಇಲ್ಲಿಯ ಮಗು ಮಳೆಯನ್ನು ಅಟ್ಟುವುದನ್ನು ಕೇಳಿ ಗುಬ್ಬಿಯ ತೋಟಗಾರನು ನಗುವನೋ ಅಳುವನೋ! ಇದೇ ಸೀಮೆಯ ಹಳ್ಳಿಗಳಲ್ಲಿ ಮಳೆ ತಡವಾದಾಗ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸಿ, ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಂಡು ಹುಡುಗರು ಹಾಡುತ್ತ ಹೋಗುವ ಪದ್ಧತಿಯಿತ್ತು. ಆ ಪದವೂ ಮಕ್ಕಳ ಮೇಳಗೀತವೇ. ಕೂಗು ಒಂದೇ, ಮಾತು ಕೆಲವೇ, ತಾಳ ನಡಿಗೆಯದು. ನಡುವೆ ನೀರಿನ ಎರಚಾಟ ಬೇರೆ. ಎಳೆಯರಿಗೆ ಇದಕ್ಕಿಂತ ಒಪ್ಪುವ ಹಾಡನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾಗಿರಲಿಲ್ಲ.

ಸ್ಥಳದ ಹಾಡೆಂದಾಗ ಕುಣಿಗಲ್ಲಿನ ಕೆರೆಯ ಪದ ನೆನಪಾಗುವುದು ಅನಿವಾರ್ಯ. ಕನ್ನಡ ನಾಡಿನ ಉದ್ದಗಲಕ್ಕೂ ಹಾಡಿಕೆಗೆ ಬಂದ ಜನಪದ ಗೀತಗಳಲ್ಲಿ ಅದೂ ಒಂದು. ಭಾವಗೀತ ಗಾಯಕರು ವೇದಿಕೆಯಲ್ಲಿ ಅದನ್ನು ಹಿಗ್ಗಿಸಿ, ಆಲಾಪ ಸೇರಿಸಿ ಹಾಡುವ ರೀತಿಯೊಂದಿದೆ. ಅದನ್ನು ಎಳೆಯರಿಗೆ ಕಲಿಸಹೊರಟರೆ ಕೆರೆ ಬತ್ತುತ್ತದೆ. ಮೂಲದಲ್ಲಿ ಅದು ಹೆಜ್ಜೆಗೆ ಕಟ್ಟಿದ ಪದ. ಮೊದಲ ಒಂದೆರಡು ನುಡಿಗಳನ್ನು ಮಾತ್ರ ಆರಿಸಿ, ಮಕ್ಕಳನ್ನು ಕೈಕೈ ಹಿಡಿಸಿ ಕೆರೆಯ ಏರಿಯಂತೆ ಬಾಗಿಸಿ ನಿಲ್ಲಿಸಿ, ಮೆಲ್ಲನೆ ಹೆಜ್ಜೆ ಹಾಕಿಸಿದರೆ ತುಂಬಿದ ಕೆರೆಯೂ ಮೂಡುವ ಚಂದ್ರನೂ ಅಲ್ಲಿಯೇ ಮೂಡುತ್ತವೆ. ಕುಣಿಗಲ್ಲಿನ ಮಗು ಆ ಕೆರೆಯನ್ನು ಕಣ್ಣಾರೆ ಕಂಡಿರುತ್ತದೆ. ತನ್ನ ಊರು ಹಾಡಿನೊಳಗೆ ಇದೆಯೆಂಬ ಅರಿವು ಅದಕ್ಕೆ ಸಣ್ಣ ಸಂತೋಷವಲ್ಲ. ಆಡುಮಾತಿನ ರೂಪಗಳು ಅದರಲ್ಲಿವೆಯೆಂದು ‘ಶುದ್ಧ’ಗೊಳಿಸಿ ಹಾಡಿಸುವ ಉಪಾಧ್ಯಾಯರೂ ಉಂಟು. ಅವರಿಗೆ ಹೇಳಬೇಕಾದುದಿಷ್ಟೆ: ತಿದ್ದಿದೊಡನೆ ಮಾತ್ರೆ ಕೆಡುತ್ತದೆ, ಮಾತ್ರೆ ಕೆಟ್ಟರೆ ಹೆಜ್ಜೆ ತಪ್ಪುತ್ತದೆ.

ಕುದುರೆ ಸಾಕಣೆಗೆ ಹೆಸರಾದ ಊರೂ ಕುಣಿಗಲ್ಲೇ. ಅಲ್ಲಿಯ ಮಕ್ಕಳಿಗೆ ನಾಲ್ಕು ಸಾಲಿನ ಒಂದು ಕುದುರೆಯ ಹಾಡು ಇದ್ದರೆ ಎಷ್ಟು ಚೆನ್ನು. ನಡೆಗೊಂದು ತಾಳ, ಓಟಕ್ಕೊಂದು ತಾಳ. ಗುಬ್ಬಿಯ ಹೆಸರೇ ಮಕ್ಕಳಿಗೆ ಬಂದ ಉಡುಗೊರೆ: ಊರೂ ಗುಬ್ಬಿ, ಹಕ್ಕಿಯೂ ಗುಬ್ಬಿ. ಹದಿನಾರನೆಯ ಶತಮಾನದ ಮಲ್ಲಣಾರ್ಯನಂಥ ಕವಿ ಬಾಳಿದ ಊರಿದು. 1884ರಲ್ಲಿ ಇಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಮೆರೆದ ನಾಟಕ ಮಂಡಳಿ ರಂಗಗೀತವನ್ನು ಕನ್ನಡಿಗರ ಮನೆಮಾತಾಗಿಸಿತು. ಬಾಲ್ಯದಲ್ಲಿ ಆ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರು (1929–2002) ಮುಂದೆ ಮಕ್ಕಳ ನಾಟಕಗಳಿಗೆ ಹಾಡು ಕೂಡಿಸಿದಾಗ ಮಾತಿನ ಲಯವನ್ನೇ ಹಾಡಿನ ಲಯವಾಗಿಸಿದರು. ಕಂಪನಿ ನಾಟಕದ ಕಂದಗಳೂ ಸೀಸಪದ್ಯಗಳೂ ಎಳೆಯರಿಗೆ ಸಲ್ಲವು. ಸಲ್ಲುವುದು ಆ ಮಾತಿನ ಲಯದ ಗುಟ್ಟು. ಅಡಕೆ ಸುಲಿಯುವಾಗ, ಬತ್ತ ಕುಟ್ಟುವಾಗ ದೊಡ್ಡವರು ಕೈಗೆ ಸರಿಯಾಗಿ ಆಡುವ ಮಾತಿನಲ್ಲಿ ನಾಲ್ಕು ಮಾತ್ರೆಯ ಗಣ ತಾನಾಗಿ ನಿಂತಿರುತ್ತದೆ. ಚಪ್ಪಾಳೆ ತಟ್ಟುವ ಮಗುವಿಗೂ ಅದೇ ಸಾಕು.

ಹಾಡಿನ ಆಯ್ಕೆ ಇಷ್ಟು ಕೆಡುವುದಕ್ಕೆ ವಾರ್ಷಿಕೋತ್ಸವವೂ ಒಂದು ಕಾರಣ. ವೇದಿಕೆ, ಬಣ್ಣದ ಉಡುಪು, ಧ್ವನಿವರ್ಧಕ. ಮುಂದಿನ ಸಾಲಿನಲ್ಲಿ ಹಾಡಬಲ್ಲ ನಾಲ್ವರು, ಹಿಂದಿನ ಸಾಲಿನಲ್ಲಿ ಬಾಯಾಡಿಸುವ ಹದಿನಾರು ಮಂದಿ. ನೋಡುವವರಿಗೆ ಒಪ್ಪುವ ಹಾಡನ್ನು ಆರಿಸಿದ ಮೇಲೆ ಹಾಡುವವರ ಗತಿ ಇದೇ ಆಗುತ್ತದೆ. ತುಮಕೂರಿನವರಿಗೆ ಕೂಡಿ ಹಾಡುವುದರ ಬೇರೊಂದು ಮಾದರಿ ಗೊತ್ತಿಲ್ಲದೆ ಇಲ್ಲ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಸಾಲಾಗಿ ಕುಳಿತು ಮಾಡುವ ಸಾಮೂಹಿಕ ಪ್ರಾರ್ಥನೆಯನ್ನು ಕೇಳಿದವರು, ಅಲ್ಲಿ ಯಾರ ದನಿಯೂ ಬೇರೆಯಾಗಿ ಎದ್ದು ಕಾಣದೆ ಎಲ್ಲರ ದನಿಯೂ ಇರುವುದನ್ನು ಬಲ್ಲರು. ಆ ವಿದ್ಯಾರ್ಥಿಗಳು ದೊಡ್ಡವರು. ಆ ಶ್ಲೋಕಗಳೂ ವಚನಗಳೂ ಎಳೆಯರಿಗೆ ಭಾರ. ಆದರೆ ಹಾಡುವವರಿಗಾಗಿ ಹಾಡು ಎಂಬ ನಿಯಮ ಎರಡು ಕಡೆಗೂ ಒಂದೇ.

ಇನ್ನೊಂದು ಸಂಗತಿಯನ್ನು ವಿದ್ಯಾವಂತರ ಮನೆಗಳಲ್ಲಿ ಅಷ್ಟಾಗಿ ಗಮನಿಸಿದಂತಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದನ್ನು ಮೊದಲು ಕಂಡದ್ದು ತಿರುಮಕೂಡಲು ನರಸೀಪುರ. ಅಲ್ಲಿಂದೀಚೆಗೆ ಅಂಗನವಾಡಿ ಊರೂರಿಗೂ ಬಂದಿದೆ. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಅಂಗನವಾಡಿಗಳಲ್ಲಿ ಮನೆಯಲ್ಲಿ ಉರ್ದು ಆಡುವ ಮಗುವೂ, ತೆಲುಗು ಆಡುವ ಮಗುವೂ ಕನ್ನಡದ ಮಗುವಿನ ಪಕ್ಕದಲ್ಲಿ ಕುಳಿತಿರುತ್ತವೆ. ಕನ್ನಡದ ವಾಕ್ಯವನ್ನು ಆಡುವುದಕ್ಕೆ ಮೊದಲು ಆ ಮಕ್ಕಳು ಕನ್ನಡದ ಹಾಡನ್ನು ಹಾಡುತ್ತವೆ. ಅರ್ಥ ಸಾಲದ ಕಡೆ ಸದ್ದು, ಕೈಸನ್ನೆ, ಮರುಕಳಿಕೆ, ಈ ಮೂರೂ ಅವುಗಳ ಕೈಹಿಡಿದು ನಡೆಸುತ್ತವೆ. ಕಣ್ಣುಮುಚ್ಚಾಲೆಯಾಟದ ಹಳೆಯ ಪದದಲ್ಲಿ ಸಾಲಿಗೂ ಸಾಲಿಗೂ ಅರ್ಥಸಂಬಂಧವನ್ನು ಹುಡುಕಿದರೆ ಪಂಡಿತನೂ ಸೋಲುವನು. ಆದುದರಿಂದಲೇ ಅಲ್ಲಿ ಎಲ್ಲ ಮಕ್ಕಳೂ ಸಮಾನರು. ಅಂಥ ಪದಗಳನ್ನು ‘ಅರ್ಥವಿಲ್ಲದವು’ ಎಂದು ತೆಗೆದುಹಾಕಿ ಅರ್ಥವತ್ತಾದ ಉಪದೇಶವನ್ನು ತುಂಬಿದ ಪುಸ್ತಕಗಳು ಪರಭಾಷೆಯ ಮಗುವಿಗೆ ಬಾಗಿಲು ಮುಚ್ಚಿದಂತೆಯೇ ಸರಿ.

ಸಂಖ್ಯೆಯ ವಿಷಯದಲ್ಲಿಯೂ ದುರಾಸೆ ಕಾಣುತ್ತದೆ. ವರ್ಷಕ್ಕೆ ನಲವತ್ತು ಹಾಡು ಕಲಿಸಿದೆವೆಂದು ಹೆಮ್ಮೆಪಡುವ ಶಿಶುವಿಹಾರಗಳುಂಟು. ಅವುಗಳಲ್ಲಿ ಹತ್ತನ್ನಾದರೂ ಮಕ್ಕಳು ತಾವಾಗಿ ಬೀದಿಯಲ್ಲಿ ಹಾಡಿಕೊಂಡು ಹೋಗುವುದು ಕಾಣದು. ಕುಣಿಯುವುದಕ್ಕೆ ಮೂರು, ಕುಳಿತು ಕೈಯಾಡಿಸುವುದಕ್ಕೆ ಮೂರು, ಸವಾಲು ಜವಾಬಿಗೆ ಎರಡು, ಮಧ್ಯಾಹ್ನ ಊಟವಾದ ಮೇಲೆ ಮೆಲ್ಲನೆ ಗುನುಗುವುದಕ್ಕೆ ಒಂದು. ಇಷ್ಟನ್ನು ನಿತ್ಯ ಹಾಡಿದರೆ ಬೇಸರವಾದೀತೆಂಬುದು ದೊಡ್ಡವರ ಭಯ, ಮಕ್ಕಳದಲ್ಲ. ಕೊನೆಯದಾದ ಮೆಲುದನಿಯ ಹಾಡಿನ ಕೊರತೆಯೇ ಇಂದು ಹೆಚ್ಚು. ಅಚ್ಚಾದ ಸಂಗ್ರಹಗಳಲ್ಲಿ ಕುಣಿತಕ್ಕೆ ಒದಗುವ ಪದ್ಯ ಬೇಕಾದಷ್ಟಿವೆ. ಜೋಗುಳವೂ ಅಲ್ಲದ, ಪ್ರಾರ್ಥನೆಯೂ ಅಲ್ಲದ, ಕೂಡಿ ಮೆಲ್ಲಗೆ ಹಾಡಬಹುದಾದ ಪದ ಬೆರಳೆಣಿಕೆಗೂ ಸಿಗುವುದು ಕಷ್ಟ. ಗುಬ್ಬಿ, ಕುಣಿಗಲ್ಲು ತಾಲ್ಲೂಕುಗಳ ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿ ಅಂಥವು ಇನ್ನೂ ಉಳಿದಿರಬಹುದು. ಬರೆದುಕೊಳ್ಳುವವರು ಮಾತುಗಳೊಡನೆ ಮಟ್ಟನ್ನೂ, ಕೈ ಎಲ್ಲಿ ತಟ್ಟುತ್ತಿದ್ದರೆಂಬುದನ್ನೂ, ಯಾವ ಆಟದಲ್ಲಿ ಹಾಡುತ್ತಿದ್ದರೆಂಬುದನ್ನೂ ಬರೆದುಕೊಳ್ಳತಕ್ಕದ್ದು. ಹಿಂದಿನ ಸಂಗ್ರಹಗಳಲ್ಲಿ ಪದ ಮಾತ್ರ ನಿಂತು, ಅದರ ಆಟ ಯಾವುದೆಂದು ಹೇಳುವವರಿಲ್ಲದಂತಾಗಿದೆ.